ಐಎಸ್‌ಒ ಫೈಲಿನಿಂದ ಇನ್‌ಸ್ಟಾಲ್ ಡಿಸ್ಕ್

ಕೇಳುಗ ಮಿತ್ರರಿಗೆ ನಮಸ್ಕಾರ.

ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕೋಣ ಅಂತ ಡೌನ್‌ಲೋಡ್ ಮಾಡಿದರೆ ಕೈಗೆ ಬರುವುದು ಒಂದೇ ಫೈಲು. ಹೆಸರಿನ ಕೊನೆಗೆ ಡಾಟ್ ಐಎಸ್‌ಒ ಅಂತಿರುತ್ತದೆ. ಎಷ್ಟೋ ಜನ ಅದನ್ನು ಹಾಡಿನ ಫೈಲಿನ ಹಾಗೆ ಎಳೆದು ಡಿವಿಡಿಗೆ ಹಾಕಿಬಿಡುತ್ತಾರೆ. ಕಂಪ್ಯೂಟರು ಆ ಡಿಸ್ಕಿನಿಂದ ಶುರುವಾಗುವುದೇ ಇಲ್ಲ. ಡಿಸ್ಕ್ ಕೆಟ್ಟಿದೆ ಅಂದುಕೊಂಡು ಇನ್ನೊಂದು ತರುತ್ತಾರೆ. ಅದೂ ಅಷ್ಟೇ.

ಯಾಕೆ ಹೀಗೆ? ಐಎಸ್‌ಒ ಅಂದರೆ ಇಡೀ ಡಿಸ್ಕಿನ ಪಡಿಯಚ್ಚು. ಹೆಸರು ಬಂದದ್ದು 1988ರ ಐಎಸ್‌ಒ 9660 ಎಂಬ ಮಾನದಂಡದಿಂದ. ಡಿಸ್ಕಿನಲ್ಲಿ ಮಾಹಿತಿ 2048 ಬೈಟುಗಳ ಸೆಕ್ಟರುಗಳಲ್ಲಿ, ಅಂದರೆ ಸಣ್ಣ ಸಣ್ಣ ತುಂಡುಗಳಲ್ಲಿ, ಕೂರುತ್ತದೆ. ಮೊದಲ 16 ಸೆಕ್ಟರು ಬಿಟ್ಟು, ಅದರ ಮುಂದಿನದರಲ್ಲಿ ‘ಸಿಡಿ001’ ಎಂಬ ಗುರುತು ಇರುತ್ತದೆ. ಇದು ಡಿಸ್ಕಿನ ಪರಿಚಯಪತ್ರ. ಅದರ ಪಕ್ಕದ ಸೆಕ್ಟರಿನಲ್ಲಿ ಬೂಟ್ ಮಾಡುವ, ಅಂದರೆ ಕಂಪ್ಯೂಟರನ್ನು ಶುರು ಮಾಡುವ, ಕೋಡು ಎಲ್ಲಿದೆ ಅನ್ನುವ ದಾರಿ ಸಿಗುತ್ತದೆ. ಫೀನಿಕ್ಸ್ ಮತ್ತು ಐಬಿಎಂ ಕಂಪನಿಗಳು ಸೇರಿ 1995ರಲ್ಲಿ ಈ ಏರ್ಪಾಡು ತಂದವು. ಕಂಪ್ಯೂಟರು ಆನ್ ಆದೊಡನೆ ಮೊದಲು ಓಡುವ ಪ್ರೋಗ್ರಾಂ ಬಯೋಸ್. ಅದು ಹುಡುಕುವುದು ಸರಿಯಾಗಿ ಅದೇ ಜಾಗದಲ್ಲಿ. ಸುಮ್ನೆ ಫೈಲಾಗಿ ಕಾಪಿ ಮಾಡಿದರೆ ಇದೆಲ್ಲ ಡಿಸ್ಕಿನ ಮಧ್ಯೆ ಎಲ್ಲೋ ಹೋಗಿ ಕೂರುತ್ತದೆ. ಬಯೋಸಿಗೆ ಸಿಗುವುದಾದರೂ ಹೇಗೆ, ಹೇಳಿ?

ಹಾಗಾಗಿ ಇದನ್ನು ಇಮೇಜ್ ಆಗಿಯೇ, ಅಂದರೆ ಪಡಿಯಚ್ಚಾಗಿಯೇ, ಡಿಸ್ಕಿಗೆ ಬರ್ನ್ ಮಾಡಬೇಕು. ವಿಂಡೋಸ್ 7ರಿಂದ ಈಚೆಗೆ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ‘ಬರ್ನ್ ಡಿಸ್ಕ್ ಇಮೇಜ್’ ಅಂತ ಸಿಗುತ್ತದೆ. ಲಿನಕ್ಸ್‌ನಲ್ಲಿ ಇದಕ್ಕೆ ಬ್ರಸೆರೊ, ಕೆ3ಬಿ ಎಂಬ ಪ್ರೋಗ್ರಾಂಗಳು ಇವೆ. ಬರ್ನ್ ಆದಮೇಲೆ ಡಿಸ್ಕ್ ತೆರೆದು ನೋಡಿ. ‘ಬೂಟ್’, ‘ಪೂಲ್’ ಅಂತೆಲ್ಲ ಫೋಲ್ಡರುಗಳು ಕಂಡರೆ ಸರಿ. ಒಂದೇ ಐಎಸ್‌ಒ ಫೈಲು ಕೂತಿದ್ದರೆ ಆ ಡಿಸ್ಕ್ ದಂಡ.

ಬರ್ನ್ ಮಾಡುವ ಮೊದಲೇ ಮಾಡಬೇಕಾದ ಕೆಲಸ ಒಂದಿದೆ. ಡೌನ್‌ಲೋಡ್ ಪುಟದಲ್ಲಿ ಎಸ್‌ಎಚ್‌ಎ256 ಅಂತ 64 ಅಕ್ಷರ-ಅಂಕಿಗಳ ಸಾಲು ಕೊಟ್ಟಿರುತ್ತಾರೆ. ಅದು ಫೈಲಿನ ಬೆರಳಚ್ಚು ಇದ್ದ ಹಾಗೆ. ನಿಮ್ಮ ಫೈಲಿನ ಸಾಲನ್ನು ಲೆಕ್ಕ ಹಾಕಿಸಿ ಅದರ ಜೊತೆ ತಾಳೆ ನೋಡಿ. ಒಂದು ಅಕ್ಷರ ಬೇರೆಯಾದರೂ ಮತ್ತೆ ಡೌನ್‌ಲೋಡ್ ಮಾಡಿ. ಇಲ್ಲದಿದ್ದರೆ ಇನ್‌ಸ್ಟಾಲ್ ಅರ್ಧಕ್ಕೆ ನಿಂತು, ತಪ್ಪು ಎಲ್ಲಿ ಅಂತ ಹುಡುಕುವುದರಲ್ಲೇ ದಿನ ಕಳೆಯುತ್ತದೆ.

ಗಾತ್ರವನ್ನೂ ನೋಡಿಕೊಳ್ಳಿ. ಸಿಡಿಗೆ ಹಿಡಿಸುವುದು 700 ಎಂಬಿ. ಉಬುಂಟು ಅನ್ನುವುದು ಲಿನಕ್ಸ್‌ನ ಒಂದು ಬಗೆ. 2012ರ ಅಕ್ಟೋಬರಿನಲ್ಲಿ ಬಂದ ಅದರ 12.10 ಆವೃತ್ತಿ ಆ ಮಿತಿ ದಾಟಿತು. ಅದಕ್ಕೆ ಮೊದಲು ಉಬುಂಟು ತಯಾರಿಸುವ ಕೆನಾನಿಕಲ್ ಕಂಪನಿ ಕೇಳಿದವರ ಮನೆಗೇ ಉಬುಂಟು ಸಿಡಿಗಳನ್ನು ಪುಕ್ಕಟೆಯಾಗಿ ಅಂಚೆಯಲ್ಲಿ ಕಳಿಸುತ್ತಿತ್ತು. 2011ರಲ್ಲಿ ಅದು ನಿಂತಿತು. ನಿಧಾನ ಇಂಟರ್ನೆಟ್ಟಿನ ಕಾಲದಲ್ಲಿ ಅದು ನಿಜಕ್ಕೂ ದೊಡ್ಡ ಉಪಕಾರ. ಸಾಮಾನ್ಯ ಡಿವಿಡಿಯ ಅಳತೆ 4.7 ಜಿಬಿ. ಉಬುಂಟು 24.04 ಅದಕ್ಕಿಂತ ಜಾಸ್ತಿ. ಅಂಥದಕ್ಕೆ 8.5 ಜಿಬಿಯ ಡ್ಯುಯಲ್ ಲೇಯರ್ ಡಿವಿಡಿ ಬೇಕು, ಇಲ್ಲವೇ ಪೆನ್‌ಡ್ರೈವ್.

ಪೆನ್‌ಡ್ರೈವ್ ಇರುವಾಗ ಡಿಸ್ಕ್ ಯಾಕೆ ಅನ್ನಬಹುದು. ಪೆನ್‌ಡ್ರೈವಿನಿಂದ ಬೂಟ್ ಆಗದ ಹಳೆಯ ಯಂತ್ರಗಳು ಇನ್ನೂ ಇವೆ. ಜೊತೆಗೆ, ಬರೆದು ಮುಗಿಸಿದ ಡಿವಿಡಿ-ಆರ್ ಒಳಗೆ ಆಮೇಲೆ ವೈರಸ್ ಹೊಕ್ಕು ಕೂರಲು ಜಾಗವಿಲ್ಲ. ಹತ್ತಾರು ಕಂಪ್ಯೂಟರುಗಳ ಲ್ಯಾಬ್ ನೋಡಿಕೊಳ್ಳುವವರಿಗೆ ಇದು ಸಣ್ಣ ಮಾತಲ್ಲ.

ಡಿಸ್ಕಿನ ಮೇಲೆ ಆವೃತ್ತಿ, ತಾರೀಖು ಬರೆದಿಡಿ. ಬಾಲ್‌ಪೆನ್ ಬೇಡ, ಡಿಸ್ಕ್ ಮಾರ್ಕರ್ ಬಳಸಿ. ಸಿಡಿಯಲ್ಲಿ ಮಾಹಿತಿಯ ಪದರ ಇರುವುದು ಲೇಬಲ್ಲಿನ ಕೆಳಗೇ, ಚೂಪು ಮೊನೆ ತಾಗಿದರೆ ಅಲ್ಲೇ ಹಾಳಾಗುತ್ತದೆ.

ನಮಸ್ಕಾರ.