ಲೋಯಿ ಫುಲ್ಲರ್: ಕುಣಿತಕ್ಕೆ ಸಿಗದ ಹಕ್ಕು ಕೋಲಿಗೆ ಸಿಕ್ಕಿತು

[ದೃಶ್ಯ: ಲೂಮಿಯೇರ್ ಸಹೋದರರ ಬಣ್ಣದ ಕ್ಲಿಪ್. 5 ಸೆಕೆಂಡ್, ಮಾತಿಲ್ಲ.]

ಈ ಕ್ಲಿಪ್ ನೀವು ಎಲ್ಲೋ ನೋಡಿರುತ್ತೀರಿ. ಬಟ್ಟೆ ಸುತ್ತುತ್ತಾ ಹಳದಿಯಾಗುತ್ತದೆ, ಕೆಂಪಾಗುತ್ತದೆ, ಹಸಿರಾಗುತ್ತದೆ. ಎಷ್ಟೋ ಕಡೆ ಇದಕ್ಕೆ ‘ಲೋಯಿ ಫುಲ್ಲರ್’ ಅಂತ ಹೆಸರು ಹಾಕಿರುತ್ತಾರೆ. ಆದರೆ ಇವರು ಫುಲ್ಲರ್ ಅಲ್ಲ. ಅವರ ಕುಣಿತವನ್ನು ನೋಡಿ ಕುಣಿದ ಇನ್ಯಾರೋ!

[ದೃಶ್ಯ: ಫುಲ್ಲರ್ ಫೋಟೋ]

ಫುಲ್ಲರ್ ಹುಟ್ಟಿದ್ದು 1862ರಲ್ಲಿ, ಅಮೆರಿಕದ ಇಲಿನಾಯ್‌ನಲ್ಲಿ. ನೃತ್ಯವನ್ನು ಕ್ರಮವಾಗಿ ಕಲಿತವರಲ್ಲ, ನಾಟಕದಿಂದ ಬಂದವರು. ಅವರ ‘ಸರ್ಪೆಂಟೈನ್ ಡಾನ್ಸ್’ನಲ್ಲಿ ಕಾಲಿಗಿಂತ ತೋಳಿಗೇ ಕೆಲಸ ಜಾಸ್ತಿ. ಮೈತುಂಬ ಮೀಟರ್‌ಗಟ್ಟಲೆ ತೆಳ್ಳನೆಯ ರೇಷ್ಮೆ. ಅದರೊಳಗೆ ಎರಡು ಉದ್ದನೆಯ ಕೋಲು. ಕೋಲು ಬೀಸಿದರೆ ಬಟ್ಟೆ ತಲೆಯ ಮೇಲಕ್ಕೆ ಏಳುತ್ತದೆ, ಆಳು ಕಾಣುವುದೇ ಇಲ್ಲ. ಬಟ್ಟೆ ಬಿಳಿ, ಬಣ್ಣವೆಲ್ಲ ಲೈಟಿನದು. ದೀಪದ ಮುಂದೆ ಬಣ್ಣದ ಗಾಜು, ಸುತ್ತ ಕತ್ತಲೆ. ‘ಬೆಂಕಿ ನೃತ್ಯ’ದಲ್ಲಂತೂ ವೇದಿಕೆಗೇ ಗಾಜು ಕೂರಿಸಿ ಕೆಳಗಿನಿಂದ ಲೈಟ್ ಬಿಡುತ್ತಿದ್ದರು.

ಹಿಟ್ ಆದದ್ದನ್ನು ನಕಲು ಮಾಡುವವರಿಗೆ ಬರವೇ? ನ್ಯೂಯಾರ್ಕಿನಲ್ಲಿ ಒಬ್ಬರು ಅದೇ ಕುಣಿತ ಶುರು ಮಾಡಿದರು. ಫುಲ್ಲರ್ ಕೋರ್ಟಿಗೆ ಹೋದರು. 1892ರ ಜೂನ್‌ನಲ್ಲಿ ತೀರ್ಪು ಬಂತು. ಇದರಲ್ಲಿ ಕಥೆಯಿಲ್ಲ, ಪಾತ್ರವಿಲ್ಲ, ಹಾಗಾಗಿ ಇದು ನಾಟಕ ಕೃತಿಯಲ್ಲ, ಕಾಪಿರೈಟ್ ಕೊಡಲಾಗದು ಎಂದರು ನ್ಯಾಯಾಧೀಶರು. ತಮಾಷೆಯೆಂದರೆ, ಕಥೆಯಿಲ್ಲದ ಕುಣಿತ ಎಂಬುದೇ ಅದರ ಹೊಸತನ.

[ದೃಶ್ಯ: ಪೇಟೆಂಟ್ ಚಿತ್ರ, ಕೋಲಿನ ಕ್ಲೋಸಪ್]

ಆಮೇಲೆ ಫುಲ್ಲರ್ ಮಾಡಿದ್ದು ಜಾಣತನ. ಕುಣಿತ ತನ್ನದಾಗದಿದ್ದರೆ ಬೇಡ, ಉಡುಪಾದರೂ ಆಗಲಿ ಅಂತ ಪೇಟೆಂಟ್‌ಗೆ ಅರ್ಜಿ ಹಾಕಿದರು. 1894ರಲ್ಲಿ ಸಿಕ್ಕಿತು. ಚಿತ್ರದಲ್ಲಿ ನೋಡಿ, ಕೋಲಿನ ತುದಿ ಬಾಗಿದೆ.  ಹೀಗೆ ಕೋಲು ಅವರದಾಯಿತು, ಕೋಲಿನಿಂದ ಹುಟ್ಟಿದ ಕುಣಿತ ಎಲ್ಲರದೂ.

ಅಷ್ಟರಲ್ಲಿ ಅವರು ಪ್ಯಾರಿಸ್ ಸೇರಿಯಾಗಿತ್ತು. 1892ರ ನವೆಂಬರಿನಲ್ಲಿ ಫೋಲಿ ಬೆರ್ಜೇರ್ ಎಂಬ ರಂಗಮಂದಿರದಲ್ಲಿ ಮೊದಲ ಪ್ರದರ್ಶನ. ಮರುವರ್ಷವೇ ಚಿತ್ರಕಾರ ತುಲೂಸ್ ಲೋತ್ರೆಕ್ ಆ ಕುಣಿತವನ್ನು ಕಲ್ಲಚ್ಚಿನಲ್ಲಿ, ಅಂದರೆ ಕಲ್ಲಿನ ಮೇಲೆ ಬರೆದು ಅಚ್ಚು ಹಾಕುವ ಚಿತ್ರದಲ್ಲಿ ತಂದರು.

[ದೃಶ್ಯ: ಲೋತ್ರೆಕ್‌ನ ಪ್ರತಿಗಳು ಒಂದರ ಪಕ್ಕ ಒಂದು]

ಚಿತ್ರ ಒಂದೇ, ಪ್ರತಿಗಳು ಸುಮಾರು 60, ಬಣ್ಣ ಮಾತ್ರ ಒಂದರಂತೆ ಒಂದಿಲ್ಲ. ಫುಲ್ಲರ್ ಮುಖ ಇದರಲ್ಲಿ ಚಿಕ್ಕದೊಂದು ಚುಕ್ಕೆ, ಉಳಿದದ್ದೆಲ್ಲ ಬಟ್ಟೆ. ನನ್ನ ಕೇಳಿದರೆ, ಅವರನ್ನು ಸರಿಯಾಗಿ ಹಿಡಿದದ್ದು ಈ ಚಿತ್ರವೇ. ಲೈಟ್ ಬದಲಾದಂತೆ ಅದೇ ಕುಣಿತ ಬೇರೆಯಾಗುತ್ತಿತ್ತಲ್ಲ, ಅದು ಇಲ್ಲಿದೆ.

ಸಿನಿಮಾದವರಿಗೂ ಈ ಕುಣಿತವೇ ಬೇಕಾಯಿತು. ಎಡಿಸನ್ ಕಂಪನಿ ಆನಬೆಲ್ ಎಂಬ ನರ್ತಕಿಯಿಂದ ಕುಣಿಸಿತು, ಆಮೇಲೆ ಫ್ರಾನ್ಸಿನ ಮೊದಮೊದಲ ಸಿನಿಮಾ ತಯಾರಕರಾದ ಲೂಮಿಯೇರ್‌ಗಳು. ಆಗ ಕಲರ್ ಫಿಲ್ಮ್ ಎಲ್ಲಿತ್ತು? ಕಪ್ಪು-ಬಿಳುಪು ಪ್ರಿಂಟಿನ ಮೇಲೆ ಫ್ರೇಮ್ ಫ್ರೇಮಿಗೂ ಕೈಯಿಂದಲೇ ಬಣ್ಣ. ಲೂಮಿಯೇರ್ ಫಿಲ್ಮ್ ಒಂದು ರೀಲು ಸುಮಾರು 50 ಸೆಕೆಂಡ್, ಸೆಕೆಂಡಿಗೆ ಸುಮಾರು 16 ಫ್ರೇಮ್. ಲೆಕ್ಕ ಹಾಕಿ, ಹತ್ತಿರ ಹತ್ತಿರ 800 ಪುಟ್ಟ ಚಿತ್ರ. ಫುಲ್ಲರ್ ಗಾಜು ಬದಲಿಸಿ ಕ್ಷಣದಲ್ಲಿ ಮಾಡುತ್ತಿದ್ದುದಕ್ಕೆ ಇಷ್ಟು ಒದ್ದಾಟ!

ಫುಲ್ಲರ್ 1928ರಲ್ಲಿ ತೀರಿಕೊಂಡರು. ಅಮೆರಿಕದ ಕಾಪಿರೈಟ್ ಕಾಯ್ದೆಯಲ್ಲಿ ನೃತ್ಯ ಸಂಯೋಜನೆ ಎಂದು ಹೆಸರು ಹಿಡಿದು ಜಾಗ ಕೊಟ್ಟದ್ದು 1976ರಲ್ಲಿ. ಸಣ್ಣಪುಟ್ಟ ಸ್ಟೆಪ್‌ಗಳಿಗೆ ಅಲ್ಲಿ ಇವತ್ತಿಗೂ ರಕ್ಷಣೆ ಇಲ್ಲ. ರೀಲ್ಸ್‌ನಲ್ಲಿ ಹಾಕುವ ಹಾಡಿನ ಹಕ್ಕು ಬೇರೆ ಕಥೆ, ಅದಕ್ಕೆ ಇನ್ನೊಂದು ವಿಡಿಯೋನೇ ಬೇಕು.