ಅಡಿಕೆ ಚೊಗರು, ಹಸಿ ದೊಣ್ಣೆಮೆಣಸು, ಒಂದು ಲೋಟ ವೈನ್

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಶಿರಸಿ ಕಡೆಯವನು. ಗೋವಾಕ್ಕೆ ಬಂದು ಇಪ್ಪತ್ತೆರಡು ವರ್ಷವಾಯಿತು. ಹೋಟೆಲಿನಲ್ಲಿ ವೈನ್ ಬಡಿಸುವುದು ನನ್ನ ಕೆಲಸ. ಊರಿನಲ್ಲಿ ಯಾರಾದರೂ ಕೇಳಿದರೆ ಅಮ್ಮ ಇವತ್ತಿಗೂ "ಹೋಟೆಲಿನಲ್ಲಿ ಇದ್ದಾನೆ" ಅಂತಷ್ಟೇ ಹೇಳಿ ಮಾತು ಬದಲಿಸುತ್ತಾಳೆ. ಅವಳು ಈಗ ರೇಡಿಯೋ ಹತ್ತಿರ ಇಲ್ಲ ಅಂದುಕೊಂಡು ಶುರು ಮಾಡುತ್ತೇನೆ.

ಕೆಲಸಕ್ಕೆ ಸೇರಿದ ಹೊಸತು. ಪ್ರತಿ ಬಾಟಲಿಗೂ ಒಂದು ಚೀಟಿ ಕೊಡುತ್ತಿದ್ದರು. ಅದರಲ್ಲಿ ಇದ್ದದ್ದನ್ನು ಬಾಯಿಪಾಠ ಮಾಡಿ ಗಿರಾಕಿಗಳ ಮುಂದೆ ಒಪ್ಪಿಸಬೇಕು. ಕ್ಯಾಬರ್ನೆ ಸೊವಿನ್ಯೋಂ ಅನ್ನುವ ಕೆಂಪು ವೈನ್‌ಗೆ ಬರೆದದ್ದು ಹೀಗಿತ್ತು: ಬ್ಲ್ಯಾಕ್‌ಕರಂಟ್, ಸೀಡರ್ ಮರ, ತೊಗಲು. ಒಂದು ಸಂಜೆ ವಯಸ್ಸಾದ ಗಿರಾಕಿಯೊಬ್ಬರು ನನ್ನ ಪಾಠವೆಲ್ಲ ಕೇಳಿ, "ಬ್ಲ್ಯಾಕ್‌ಕರಂಟ್ ತಿಂದಿದ್ದೀಯೇನಪ್ಪಾ?" ಅಂದರು. "ಹೌದು ಸರ್" ಅಂದೆ. "ಹೇಗಿರುತ್ತೆ?" ಐಸ್‌ಕ್ರೀಮ್ ಬಿಟ್ಟರೆ ನಾನು ಆ ಹಣ್ಣಿನ ಮುಖ ನೋಡಿದವನಲ್ಲ. "ಕಪ್ಪಗಿರುತ್ತೆ ಸರ್" ಅಂದುಬಿಟ್ಟೆ. ಅವರು ನಕ್ಕ ನಗು ಇನ್ನೂ ಕಿವಿಯಲ್ಲಿದೆ.

ಆಮೇಲೆ ಗೊತ್ತಾಯಿತು, ಈ ಮಾತುಗಳೆಲ್ಲ ಎಲ್ಲಿಂದ ಬಂದವು ಅಂತ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡೇವಿಸ್ ವಿಶ್ವವಿದ್ಯಾಲಯ ಇದೆ. ಅಲ್ಲಿ ಆ್ಯನ್ ನೋಬಲ್ ಅನ್ನುವ ಮೇಡಂ 1984ರಲ್ಲಿ ವೈನ್ ವಾಸನೆಗಳ ಒಂದು ಚಕ್ರ ಮಾಡಿದರು. ಸೊಗಸಾಗಿದೆ, ಗಂಭೀರವಾಗಿದೆ ಅನ್ನುವಂಥ ಜಾಳು ಮಾತು ಬೇಡ, ಯಾವ ಹಣ್ಣು, ಯಾವ ಸೊಪ್ಪು, ಯಾವ ಮಸಾಲೆ ಅಂತ ಬಿಡಿಸಿ ಹೇಳಿ ಅನ್ನುವುದು ಅವರ ಲೆಕ್ಕ. ತುಂಬಾ ಒಳ್ಳೆಯ ಲೆಕ್ಕವೇ. ಆದರೆ ಆ ಚಕ್ರದಲ್ಲಿ ಇರುವುದು ಅವರ ಅಡುಗೆಮನೆ. ಅದನ್ನೇ ತಂದು ಗೋವಾದಲ್ಲಿ ಶಿರಸಿ ಹುಡುಗನ ಬಾಯಿಗೆ ಹಾಕಿದರೆ ಅವನು ಕಪ್ಪಗಿರುತ್ತೆ ಅನ್ನದೆ ಇನ್ನೇನು ಹೇಳುತ್ತಾನೆ?

ಹಾಗಾಗಿ ನಾವು ಕೆಲವರು ಒಂದು ಆಟ ಶುರು ಮಾಡಿದೆವು. ಮಾಪ್ಸಾದಲ್ಲಿ ನಮ್ಮ ಮನೆ. ನನ್ನ ವಾರದ ರಜೆ ಸೋಮವಾರ. ತಿಂಗಳಿಗೊಮ್ಮೆ ಅವತ್ತು ಸಂಜೆ ಬಾಲ್ಕನಿಯಲ್ಲಿ ಸೇರುತ್ತೇವೆ. ನಾನು, ನನ್ನ ಹೆಂಡತಿ, ವಾಸ್ಕೋದಲ್ಲಿ ಲಾರಿ ವ್ಯವಹಾರ ಮಾಡುವ ವಿಜಯಪುರದ ಗೌಡರು, ಮಂಗಳೂರು ಕಡೆಯ ಒಬ್ಬ ಟೀಚರಕ್ಕ. ನಿಯಮ ಒಂದೇ. ನೀವು ತಿಂದ ಅಥವಾ ಮೂಸಿದ ವಸ್ತುವಿನ ಹೆಸರು ಮಾತ್ರ ಹೇಳಬೇಕು. ಸ್ಟ್ರಾಬೆರಿ, ಚೆರ್ರಿ ಅಂತ ಸುಮ್ನೆ ಬಿಟ್ಟವರು ಕೊನೆಗೆ ಲೋಟ ತೊಳೆಯಬೇಕು.

ಮೊದಲ ಸಂಜೆಯೇ ನನಗೆ ಹೊಳೆದದ್ದು ಒಗರು. ಕೆಂಪು ವೈನ್ ಕುಡಿದಾಗ ವಸಡು, ಕೆನ್ನೆಯ ಒಳಭಾಗ ಎಲ್ಲ ಎಳೆದು ಹಿಡಿದ ಹಾಗೆ ಆಗುತ್ತದಲ್ಲ, ಅದು ಟ್ಯಾನಿನ್ ಕೆಲಸ. ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಿಂದ ಬರುತ್ತದೆ. ನಮ್ಮ ಎಂಜಲಿನಲ್ಲಿರುವ ಪ್ರೋಟೀನನ್ನು ಹಿಡಿದು ಗಂಟು ಕಟ್ಟುತ್ತದೆ. ಬಾಯಿಯ ಜಾರುತನ ಹೋಗಿ ಒಣಗಿದಂತಾಗುತ್ತದೆ. ಇಂಗ್ಲಿಷಿನಲ್ಲಿ ಇದನ್ನು ಹೇಳಲು ಎಷ್ಟು ಒದ್ದಾಡುತ್ತಾರೆ ಗೊತ್ತಾ? ರೇಷ್ಮೆ ಅನ್ನುತ್ತಾರೆ, ಮಖಮಲ್ ಅನ್ನುತ್ತಾರೆ, ಉಪ್ಪುಕಾಗದ ಅನ್ನುತ್ತಾರೆ. ನಮ್ಮಲ್ಲಿ ಎರಡನೇ ಕ್ಲಾಸಿನ ಮಗುವಿಗೂ ಒಗರು ಗೊತ್ತು. ಅದರಲ್ಲೂ ಎಷ್ಟು ಬಗೆ! ನೇರಳೆ ಹಣ್ಣಿನದು ತೆಳು ಒಗರು. ಗೇರುಹಣ್ಣಿನದು ಗಂಟಲಿಗೆ ಹಿಡಿಯುವ ಒಗರು. ಬಾಳೆಕಾಯಿಯದು ಬೆರಳಿಗೂ ಅಂಟುವ ಒಗರು. ನಮ್ಮ ಮನೆಯಲ್ಲಿ ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಚೊಗರು ಇದೆಯಲ್ಲ, ಒಂದು ಹನಿ ನಾಲಗೆಗೆ ತಾಗಿಸಿದರೆ ಸಂಜೆವರೆಗೆ ಮಾತಾಡುವ ಹಾಗಿಲ್ಲ.

ಈ ಏಣಿಯ ಮೇಲೆ ವೈನ್‌ಗಳನ್ನು ಕೂರಿಸಿದರೆ ಕೆಲಸ ಎಷ್ಟು ಸುಲಭ ನೋಡಿ. ಫ್ರಾನ್ಸಿನ ಬರ್ಗಂಡಿಯ ಪಿನೋ ನ್ವಾರ್ ನೇರಳೆ ಹಣ್ಣಿನ ಮೆಟ್ಟಿಲು. ಬೋರ್ಡೋ ಕಡೆಯ ಕ್ಯಾಬರ್ನೆ ಗೇರುಹಣ್ಣಿನ ಮೆಟ್ಟಿಲು. ಇಟಲಿಯ ಪಿಯೆಮಾಂಟೆಯಲ್ಲಿ ನೆಬಿಯೋಲೋ ದ್ರಾಕ್ಷಿಯಿಂದ ಬರೋಲೋ ಅಂತ ಮಾಡುತ್ತಾರೆ. ನೋಡುವುದಕ್ಕೆ ಬಣ್ಣ ತೆಳು, ಪಾಪದ ಹಾಗೆ ಕಾಣುತ್ತದೆ. ಎಳೆಯ ಬಾಟಲಿಯನ್ನು ಬಾಯಿಗೆ ಹಾಕಿಕೊಂಡರೆ ಸೀದಾ ಅಡಿಕೆ ಹಂಡೆ. ನಾನು ಅದನ್ನು ಕುಡಿದದ್ದು ಒಂದೇ ಸಲ, ಅದೂ ಗಿರಾಕಿ ಬಿಟ್ಟುಹೋದ ಅರ್ಧ ಲೋಟ. ಕುಡಿದ ತಕ್ಷಣ ಅಪ್ಪನ ಒಲೆ ನೆನಪಾಯಿತು.

ಹುಳಿಯ ವಿಷಯಕ್ಕೂ ಇದೇ ಮಾತು. ವೈನ್‌ನ ಹುಳಿಯನ್ನು ಎಲ್ಲರೂ ನಿಂಬೆಗೆ ಹೋಲಿಸುತ್ತಾರೆ. ಆದರೆ ನಿಂಬೆಯಲ್ಲಿ ಇರುವುದು ಸಿಟ್ರಿಕ್ ಆಮ್ಲ. ದ್ರಾಕ್ಷಿಯ ಮುಖ್ಯ ಹುಳಿ ಟಾರ್ಟಾರಿಕ್ ಆಮ್ಲ. ಅದು ಜಾಸ್ತಿ ಇರುವ ಇನ್ನೊಂದು ಹಣ್ಣು ಯಾವುದು? ನಮ್ಮ ಹುಣಸೆ! ದಿನಾ ಸಾರಿಗೆ ಹುಣಸೆ ಕಿವುಚುವ ಕೈಗೆ ವೈನ್ ಹುಳಿ ಹೊಸದಲ್ಲ. ಜರ್ಮನಿಯ ಮೋಸೆಲ್ ನದಿ ದಂಡೆಯ ರೀಸ್ಲಿಂಗ್ ಕುಡಿದು ನನ್ನ ಹೆಂಡತಿ ಹೇಳಿದ್ದು ಇಷ್ಟೇ: "ಹುಳಿಗೆ ಸರಿಯಾಗಿ ಬೆಲ್ಲ ಬಿದ್ದಿದೆ." ಆ ವೈನ್ ಬಗ್ಗೆ ನಾನು ಪುಟಗಟ್ಟಲೆ ಓದಿದ್ದೇನೆ. ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿಲ್ಲ. ಹಳೆಯ ರೀಸ್ಲಿಂಗ್‌ಗೆ ಪೆಟ್ರೋಲಿನಂಥ ವಾಸನೆಯೂ ಬರುತ್ತದೆ. ಗೌಡರಿಗೆ ಅದು ಬಹಳ ಹಿಡಿಸಿತು. ಲಾರಿ ವ್ಯವಹಾರ ಅಲ್ವಾ.

ಇನ್ನು ನಮ್ಮ ಪಕ್ಕದ ನಾಸಿಕ. ಅಲ್ಲಿನ ಸುಲಾ ಕಂಪನಿಯ ಮೊದಲ ವೈನ್ ಹೊರಬಂದದ್ದು 2000ದಲ್ಲಿ. ಈಗ ಗೋವಾದ ಯಾವ ಅಂಗಡಿಗೆ ಹೋದರೂ ನಾಸಿಕದ ಶೆನಾ ಬ್ಲಾಂ ಅನ್ನುವ ಬಿಳಿ ವೈನ್ ಸಿಗುತ್ತದೆ. ಈ ದ್ರಾಕ್ಷಿಯ ತವರು ಫ್ರಾನ್ಸಿನ ಲ್ವಾರ್ ಕಣಿವೆ. ಆದರೆ ಜಗತ್ತಿನಲ್ಲಿ ಇದನ್ನು ಎಲ್ಲರಿಗಿಂತ ಜಾಸ್ತಿ ಬೆಳೆಯುವುದು ದಕ್ಷಿಣ ಆಫ್ರಿಕಾ. ನಾವು ರುಚಿ ನೋಡಿದ ದಿನ ಟೀಚರಕ್ಕ ಪೇರಳೆ ಅಂದರು, ನನ್ನ ಹೆಂಡತಿ ಸೀಬೆ ಅಂದಳು, ಗೌಡರು ಪೇರಲ ಅಂದರು. ಮೂವರೂ ಅಂದದ್ದು ಒಂದೇ ಹಣ್ಣು ಅಂತ ಗೊತ್ತಾಗುವಷ್ಟರಲ್ಲಿ ಬಾಟಲಿ ಖಾಲಿ.

ಗೌಡರ ಮನೆಯದು ದ್ರಾಕ್ಷಿ ತೋಟ. ವೈನ್‌ಗೆ ಅಲ್ಲ, ಮಣೂಕಕ್ಕೆ, ಅಂದರೆ ಒಣದ್ರಾಕ್ಷಿಗೆ. ಅವರೇ ಅವತ್ತು ನಮಗೆ ಪಾಠ ಮಾಡಿದರು. ಯುರೋಪಿನಲ್ಲಿ ಚಳಿಗಾಲ ಬಂದರೆ ಬಳ್ಳಿ ನಿದ್ದೆ ಹೋಗುತ್ತದೆ, ಸೆಪ್ಟೆಂಬರ್ ಅಕ್ಟೋಬರ್ ಹೊತ್ತಿಗೆ ಕೊಯ್ಲು. ನಮ್ಮ ಬಿಸಿಲಿಗೆ ಬಳ್ಳಿಗೆ ನಿದ್ದೆಯೇ ಇಲ್ಲ. "ನಾವು ಎರಡು ಸಲ ಚಾಟ್ನಿ ಮಾಡ್ತೀವ್ರೀ. ಏಪ್ರಿಲ್ ಚಾಟ್ನಿ ಕಡ್ಡಿಗೆ, ಅಕ್ಟೋಬರ್ ಚಾಟ್ನಿ ಹಣ್ಣಿಗೆ" ಅಂದರು. ಚಾಟ್ನಿ ಅಂದರೆ ಬಳ್ಳಿ ಕತ್ತರಿಸುವುದು. ನಾಸಿಕದಲ್ಲೂ ಇದೇ ಪದ್ಧತಿ. ಮಳೆ ನಿಂತ ಮೇಲೆ ಕತ್ತರಿಸಿ, ಚಳಿಗಾಲದಲ್ಲಿ ಕಾಯಿ ಬೆಳೆಸಿ, ಜನವರಿಯಿಂದ ಮಾರ್ಚ್ ಒಳಗೆ ಕೊಯ್ಯುತ್ತಾರೆ. ಹಗಲು ಬಿಸಿಲು ಸಿಹಿ ಕೊಡುತ್ತದೆ, ರಾತ್ರಿಯ ತಂಪು ಹುಳಿ ಉಳಿಸುತ್ತದೆ.

ಸೊವಿನ್ಯೋಂ ಬ್ಲಾಂ ಅನ್ನುವ ಬಿಳಿ ವೈನ್‌ನಲ್ಲಿ ಟೀಚರಕ್ಕ ಮೂಗಿಟ್ಟದ್ದೇ ತಡ, "ಇದೆಂಥದು ಮಾರಾಯ್ರೆ, ಹಸಿ ದೊಣ್ಣೆಮೆಣಸು ಹೆಚ್ಚಿದ ಹಾಗುಂಟು!" ಅಂದರು. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ದೊಣ್ಣೆಮೆಣಸಿನಲ್ಲಿರುವ ಪೈರಜೀನ್ ಅನ್ನುವ ವಸ್ತುವೇ ಈ ದ್ರಾಕ್ಷಿಯಲ್ಲೂ ಇದೆ. ನಮ್ಮ ಮೂಗು ಇದಕ್ಕೆ ಎಷ್ಟು ಚುರುಕು ಅಂದರೆ, ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿ ಅದರಲ್ಲಿ ಎರಡು ಪಾಲು ಒಂದು ಲೀಟರ್ ನೀರಿಗೆ ಹಾಕಿದರೂ ಸಾಕು, ಗೊತ್ತಾಗುತ್ತದೆ. ಹಣ್ಣು ಬಿಸಿಲಿಗೆ ಮಾಗಿದಷ್ಟೂ ಇದು ಕಡಿಮೆಯಾಗುತ್ತದೆ. ನ್ಯೂಜಿಲೆಂಡಿನ ತಂಪು ಮಾರ್ಲ್‌ಬರೋದಲ್ಲಿ ಜಾಸ್ತಿ, ಬಿಸಿಲ ನಾಡಿನಲ್ಲಿ ಕಮ್ಮಿ. ಸರಿಯಾಗಿ ಮಾಗದ ಕ್ಯಾಬರ್ನೆಗೂ ಇದೇ ವಾಸನೆ. ಯಾಕೆ ಅಂತ 1997ರಲ್ಲಿ ಡೇವಿಸ್‌ನವರ ಡಿಎನ್‌ಎ ಪರೀಕ್ಷೆ ಹೇಳಿತು. ಬಿಳಿಯ ಸೊವಿನ್ಯೋಂ ಬ್ಲಾಂ ಮತ್ತು ಕೆಂಪಿನ ಕ್ಯಾಬರ್ನೆ ಫ್ರಾಂ, ಇವೆರಡರ ಕೂಸೇ ಕ್ಯಾಬರ್ನೆ ಸೊವಿನ್ಯೋಂ. ಮನೆತನದ ವಾಸನೆ ಎಲ್ಲಿಗೆ ಹೋಗುತ್ತದೆ!

ಕಣ್ಣು ಎಷ್ಟು ಮೋಸ ಮಾಡುತ್ತದೆ ಅಂತಲೂ ಹೇಳಬೇಕು. ಫ್ರಾನ್ಸಿನ ಬೋರ್ಡೋದಲ್ಲಿ ವೈನ್ ಓದುವ 54 ವಿದ್ಯಾರ್ಥಿಗಳಿಗೆ ಬಿಳಿ ವೈನ್‌ಗೆ ವಾಸನೆಯಿಲ್ಲದ ಕೆಂಪು ಬಣ್ಣ ಹಾಕಿ ಕೊಟ್ಟರು. ಅವರು ಅದನ್ನು ಕೆಂಪು ವೈನ್‌ನ ಮಾತುಗಳಲ್ಲೇ ಬಣ್ಣಿಸಿದರು. 2001ರಲ್ಲಿ ಪ್ರಕಟವಾದ ಅಧ್ಯಯನ ಇದು. ನಾವೂ ಒಂದು ಸಲ ಲೈಟ್ ಆರಿಸಿ, ತಣ್ಣಗಿನ ಕೆಂಪು ವೈನನ್ನು ಸ್ಟೀಲ್ ಲೋಟದಲ್ಲಿ ಕೊಟ್ಟು ನೋಡಿದೆವು. ಗೌಡರು ಗಟ್ಟಿಯಾಗಿ "ಬಿಳೀದು" ಅಂದರು. ಅದಕ್ಕೇ ಹೇಳುವುದು, ಮೊದಲು ಮೂಗು, ಆಮೇಲೆ ಕಣ್ಣು. ಲೋಟ ಮೂರನೇ ಒಂದು ಪಾಲು ಮಾತ್ರ ತುಂಬಿಸಿ, ತಿರುಗಿಸಿ, ಮೂಸಿ, ಒಂದು ಗುಟುಕು ಬಾಯಲ್ಲಿಟ್ಟು ಸ್ವಲ್ಪ ಗಾಳಿ ಎಳೆದುಕೊಳ್ಳಿ. ಬೇಕಾದರೆ ಉಗುಳಿ. ಅದು ಮರ್ಯಾದೆಗೇಡಲ್ಲ. ಕೆಂಪು ವೈನನ್ನು ಕೋಣೆಯ ಬಿಸಿಯಲ್ಲಿ ಕುಡಿಯಬೇಕು ಅನ್ನುತ್ತಾರಲ್ಲ, ಅದು ಯುರೋಪಿನ ಹಳೆಯ ತಣ್ಣನೆ ಕೋಣೆಯ ಮಾತು. ಅಲ್ಲಿ 16ರಿಂದ 18 ಡಿಗ್ರಿ. ಮಾಪ್ಸಾದ ಏಪ್ರಿಲ್‌ನಲ್ಲಿ ಹಾಗೆ ಕುಡಿದರೆ ಕಷಾಯ. ಇಪ್ಪತ್ತು ನಿಮಿಷ ಫ್ರಿಜ್ಜಿನಲ್ಲಿಡಿ.

ಗೋವಾದಲ್ಲಿ ಕೂತು ಪೋರ್ಟ್ ವೈನ್ ಬಿಟ್ಟರೆ ಹೇಗೆ? ಅಸಲಿ ಪೋರ್ಟ್ ಪೋರ್ಚುಗಲ್ಲಿನ ಡೋರು ಕಣಿವೆಯದು. 1756ರಲ್ಲೇ ಅದರ ಗಡಿ ಗುರುತು ಹಾಕಿದ್ದರು. ರಸ ಹುದುಗುತ್ತಿರುವಾಗ ನಡುವೆ ದ್ರಾಕ್ಷಿಯ ಸಾರಾಯಿ ಸುರಿಯುತ್ತಾರೆ. ಹುದುಗು ನಿಲ್ಲುತ್ತದೆ, ಸಿಹಿ ಉಳಿಯುತ್ತದೆ. ನಮ್ಮ ಇಲ್ಲಿಯ ಅಂಗಡಿಗಳ ಅಗ್ಗದ ಸಿಹಿ ಪೋರ್ಟ್ ಬೇರೆಯೇ ಜಾತಿ. ಅದಕ್ಕೆ ದ್ರಾಕ್ಷಿ ಬರುವುದು ಘಟ್ಟದ ಮೇಲಿಂದ, ಹೆಚ್ಚಾಗಿ ನಮ್ಮ ಬೆಂಗಳೂರು ನೀಲಿ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ ಕಡೆ ಬೆಳೆಯುವ ಈ ದ್ರಾಕ್ಷಿಗೆ ಜಿಐ ಗುರುತೂ ಸಿಕ್ಕಿದೆ. ಇದರಲ್ಲಿ ಅಮೆರಿಕದ ದ್ರಾಕ್ಷಿಯ ರಕ್ತ ಇದೆ. ಆ ವಾಸನೆಗೆ ಇಂಗ್ಲಿಷಿನವರು ನರಿ ವಾಸನೆ ಅಂತ ಹೆಸರಿಟ್ಟು ಮೂಗು ಮುರಿಯುತ್ತಾರೆ. ನನಗೆ ಇದು ಅನ್ಯಾಯ ಅನ್ನಿಸುತ್ತದೆ. ಆ ವಾಸನೆಯ ಮೂಲ ಮೀಥೈಲ್ ಆಂಥ್ರನಿಲೇಟ್ ಅನ್ನುವ ವಸ್ತು. ದ್ರಾಕ್ಷಿ ಪೆಪ್ಪರ್‌ಮೆಂಟಿನಲ್ಲಿ ಹಾಕುವುದೂ ಅದನ್ನೇ. ಇನ್ನೆಲ್ಲಿದೆ ಗೊತ್ತಾ? ಮಲ್ಲಿಗೆ ಹೂವಿನಲ್ಲಿ. ಅವರಿಗೆ ನರಿ, ನಮಗೆ ಮಲ್ಲಿಗೆ. ಹಾಗಂತ ಆ ಪೋರ್ಟ್ ನನಗೆ ಇಷ್ಟ ಅಂತಲ್ಲ. ಸಕ್ಕರೆ ಜಾಸ್ತಿ. ಒಂದು ಲೋಟಕ್ಕೆ ಸಾಕು ಅನ್ನಿಸುತ್ತದೆ.

ಕೆಟ್ಟ ವೈನ್ ಹಿಡಿಯುವುದರಲ್ಲಿ ನಾನು ಗಟ್ಟಿಗ. ಬಿರಡೆಯಿಂದ ಟಿಸಿಎ ಅನ್ನುವ ದೋಷ ಬಂದರೆ ಮಳೆಗಾಲದಲ್ಲಿ ಕಪಾಟಿನೊಳಗೆ ಮರೆತ ಪಂಚೆಯ ಮುಗ್ಗು ವಾಸನೆ. ಹೋಟೆಲಿನಲ್ಲಿ ಒಮ್ಮೆ ಗಿರಾಕಿ ಬಾಟಲಿ ವಾಪಸ್ಸು ಕಳಿಸಿದರು. ಮೇಲಿನವರು ಚೆನ್ನಾಗಿಯೇ ಇದೆ ಅಂತ ವಾದಿಸಿದರು. ನಾನು ಮೂಸಿ "ಮುಗ್ಗಿದೆ" ಅಂದೆ. ಮಲೆನಾಡಿನ ಮೂಗು ಅಂತ ಅವತ್ತು ಸ್ವಲ್ಪ ಹೆಮ್ಮೆಪಟ್ಟದ್ದು ನಿಜ.

ಆ ಹೆಮ್ಮೆ ಇಳಿಸಿದ್ದು ಶಿರಾಜ್ ಅನ್ನುವ ಕೆಂಪು ವೈನ್. ಚೀಟಿಯಲ್ಲಿ ಅದಕ್ಕೆ ಕಾಳುಮೆಣಸು ಅಂತ ಬರೆದಿರುತ್ತದೆ. ವರ್ಷಗಟ್ಟಲೆ ನಾನು ಅದನ್ನು ಹೇಳಿಕೊಂಡೇ ಬಡಿಸಿದೆ. ನಾನು ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯ ಕೆಳಗೆ ಆಡಿ ಬೆಳೆದವನು, ನನಗಿಂತ ಚೆನ್ನಾಗಿ ಯಾರು ಹೇಳಬೇಕು? ಬಾಲ್ಕನಿಯಲ್ಲಿ ಅದೇ ದ್ರಾಕ್ಷಿಯ, ಫ್ರಾನ್ಸಿನ ರೋನ್ ಕಣಿವೆಯ ಒಂದು ಬಾಟಲಿ ತೆರೆದಾಗ ಹೆಂಡತಿ ಮೂಸಿದ ಕೂಡಲೇ "ಮೆಣಸು" ಅಂದಳು. ಟೀಚರಕ್ಕ "ಹೌದು, ಈಗಷ್ಟೇ ಕುಟ್ಟಿದ್ದು" ಅಂದರು. ಗೌಡರೂ ತಲೆಯಾಡಿಸಿದರು. ನನ್ನ ಮೂಗಿಗೆ ಏನೂ ಇಲ್ಲ. ನೇರಳೆ ಇತ್ತು, ಒಗರು ಇತ್ತು, ಮೆಣಸು ಮಾತ್ರ ಇಲ್ಲ. ಅವತ್ತು ಲೋಟ ತೊಳೆದದ್ದು ನಾನು.

ಕಾರಣ ಆಮೇಲೆ ಓದಿದೆ. ಆ ಮೆಣಸಿನ ಕಂಪಿಗೆ ಮೂಲ ರೊಟಂಡೋನ್ ಅನ್ನುವ ವಸ್ತು. 2008ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಇದನ್ನು ಪತ್ತೆ ಮಾಡಿದರು. ಕಾಳುಮೆಣಸಿನಲ್ಲೂ ಅದೇ ಇದೆ. ಪರೀಕ್ಷೆಗೆ ಕೂತವರಲ್ಲಿ ಸುಮಾರು ಐದಕ್ಕೆ ಒಬ್ಬರಿಗೆ, ಎಷ್ಟು ಹಾಕಿದರೂ, ಅದರ ವಾಸನೆ ಸಿಗಲೇ ಇಲ್ಲವಂತೆ. ಆ ಐದರಲ್ಲಿ ಒಬ್ಬ ನಾನು. ಖಾರ ಗೊತ್ತಾಗುತ್ತದೆ, ಬೇರೆ ಘಮವೂ ಸ್ವಲ್ಪ ಗೊತ್ತಾಗುತ್ತದೆ. ಆದರೆ ಅಪ್ಪ ಕಣದಲ್ಲಿ ಒಣಗಿದ ಮೆಣಸನ್ನು ಅಂಗೈಯಲ್ಲಿ ಉಜ್ಜಿ, ಮೂಸಿ, ಕಣ್ಣು ಮುಚ್ಚಿ "ಆಹಾ" ಅನ್ನುತ್ತಿದ್ದನಲ್ಲ, ನನ್ನ ಮೂಗಿನ ಹತ್ತಿರವೂ ಹಿಡಿಯುತ್ತಿದ್ದನಲ್ಲ, ನಾನೂ "ಆಹಾ" ಅನ್ನುತ್ತಿದ್ದೆನಲ್ಲ, ನಮ್ಮಿಬ್ಬರದು ಒಂದೇ ಮೆಣಸಾಗಿರಲಿಲ್ಲ.

ಈಗ ಹೋಟೆಲಿನಲ್ಲಿ ಶಿರಾಜ್ ಸುರಿಯುವಾಗ ಚೀಟಿ ಓದುವುದಿಲ್ಲ. "ಇದರಲ್ಲಿ ಕಾಳುಮೆಣಸು ಇದೆ ಅಂತಾರೆ ಸರ್, ನನ್ನ ಮೂಗಿಗೆ ಸಿಗುವುದಿಲ್ಲ, ನೀವು ನೋಡಿ ಹೇಳಿ" ಅನ್ನುತ್ತೇನೆ. ಗಿರಾಕಿಗಳು ಲೋಟದೊಳಗೆ ಮೂಗಿಟ್ಟು, ಹುಬ್ಬು ಗಂಟಿಕ್ಕಿ, ಒಂದು ಕ್ಷಣ ಸುಮ್ಮನಾಗುತ್ತಾರೆ. ನಾನು ಬಾಟಲಿ ಹಿಡಿದು ಪಕ್ಕದಲ್ಲಿ ನಿಂತು ಕಾಯುತ್ತೇನೆ.