ತೆರೆದ ಅಂತರ್ಜಾಲ: ನಾಯಕರ ನಿಲುವು ಎಲ್ಲಿಯವರೆಗೆ?

ಕೇಳುಗರಿಗೆ ನಮಸ್ಕಾರ.

ಅಂತರ್ಜಾಲ ಎಲ್ಲರಿಗೂ ಮುಕ್ತವಾಗಿರಬೇಕು ಎಂದು ಹೇಳದ ರಾಜಕಾರಣಿ ಸಿಗುವುದು ಕಷ್ಟ. ಆ ಮಾತು ನಿಯಮವಾಗುವ ಹೊತ್ತಿಗೆ ಅವರು ಏನು ಮಾಡಿದರು ಎಂಬುದು ಬೇರೆಯೇ ಕಥೆ. ಇಂದು ಆ ಕಥೆಯ ಕಡೆಗೆ ಗಮನ ಹರಿಸೋಣ.

ಈ ಮುಕ್ತತೆಯ ತತ್ವಕ್ಕೆ ನೆಟ್ ನ್ಯೂಟ್ರಾಲಿಟಿ ಎಂದು ಹೆಸರು, ಅದರ ತಿರುಳು ಸರಳವಾದದ್ದು. ಡೇಟಾಕ್ಕೆ ಹಣ ಕೊಟ್ಟ ಮೇಲೆ ನೀವು ಅದರಲ್ಲಿ ಏನು ನೋಡುತ್ತೀರಿ ಎಂಬುದು ದೂರಸಂಪರ್ಕ ಕಂಪನಿಗೆ ಸಂಬಂಧಪಟ್ಟ ವಿಷಯವಲ್ಲ. ಒಂದು ಜಾಲತಾಣವನ್ನು ಓಡಿಸಿ ಇನ್ನೊಂದನ್ನು ತೆವಳಿಸುವಂತಿಲ್ಲ. ಒಂದನ್ನು ಪುಕ್ಕಟೆ ಕೊಟ್ಟು ಇನ್ನೊಂದಕ್ಕೆ ದರ ಹಾಕುವಂತಿಲ್ಲ.

ನಮ್ಮಲ್ಲಿ ಈ ವಿಷಯ ಕಾವೇರಿದ್ದು 2015ರಲ್ಲಿ. ಮಾರ್ಚ್ ಕೊನೆಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಈ ಬಗ್ಗೆ ಅಭಿಪ್ರಾಯ ಕೇಳಿ ಒಂದು ಸಮಾಲೋಚನಾ ಪತ್ರ ಹೊರಡಿಸಿತು. ಅದಕ್ಕೆ ಉತ್ತರವಾಗಿ ಜನ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್ ಕಳುಹಿಸಿದರು. ಬಹುಪಾಲು ನಾಯಕರು ಬಾಯಿ ಬಿಟ್ಟದ್ದು ಆ ಇಮೇಲುಗಳು ರಾಶಿ ಬಿದ್ದ ಮೇಲೆಯೇ, ಅದನ್ನು ಮರೆಯುವುದು ಬೇಡ. ಒಡಿಶಾದ ಸಂಸದ ತಥಾಗತ ಸತ್ಪತಿ ಟ್ರಾಯ್‌ಗೆ ಪತ್ರ ಬರೆದರು. ಏಪ್ರಿಲ್ 22ರಂದು ರಾಹುಲ್ ಗಾಂಧಿ ಲೋಕಸಭೆಯಲ್ಲಿ ವಿಷಯ ಎತ್ತಿದರು. ತಾರತಮ್ಯವಿಲ್ಲದ ಅಂತರ್ಜಾಲವೇ ತಮ್ಮ ಸರ್ಕಾರದ ನಿಲುವು ಎಂದು ದೂರಸಂಪರ್ಕ ಸಚಿವ ರವಿಶಂಕರ್ ಪ್ರಸಾದ್ ಹೇಳಿದರು. ಆಡಳಿತ ಪಕ್ಷ, ವಿರೋಧ ಪಕ್ಷ ಎರಡೂ ಒಂದೇ ದನಿಯಲ್ಲಿ! ನಮ್ಮ ಸಂಸತ್ತಿನಲ್ಲಿ ಇದು ದಿನವೂ ಕಾಣುವ ನೋಟವಲ್ಲ.

2016ರ ಫೆಬ್ರುವರಿ 8ರಂದು ಟ್ರಾಯ್ ಡೇಟಾ ದರದಲ್ಲಿ ತಾರತಮ್ಯವನ್ನು ನಿಷೇಧಿಸಿತು. ತಪ್ಪಿದರೆ ದಿನಕ್ಕೆ 50 ಸಾವಿರ ರೂಪಾಯಿ, ಗರಿಷ್ಠ 50 ಲಕ್ಷ ರೂಪಾಯಿ ದಂಡ. ಆಯ್ದ ಕೆಲವು ತಾಣಗಳನ್ನಷ್ಟೇ ಉಚಿತವಾಗಿ ಕೊಡುತ್ತಿದ್ದ ಫೇಸ್‌ಬುಕ್‌ನ ‘ಫ್ರೀ ಬೇಸಿಕ್ಸ್’ ಇಲ್ಲಿಂದ ಗಂಟುಮೂಟೆ ಕಟ್ಟಿತು. 2018ರಲ್ಲಿ ಕೇಂದ್ರ ಸರ್ಕಾರ ಈ ತತ್ವವನ್ನು ದೂರಸಂಪರ್ಕ ಕಂಪನಿಗಳ ಪರವಾನಗಿ ಷರತ್ತಿಗೇ ಸೇರಿಸಿತು.

ಅಮೆರಿಕದಲ್ಲಿ ಇದು ಪಕ್ಷಗಳ ಜಗಳವಾಯಿತು. 2014ರ ನವೆಂಬರಿನಲ್ಲಿ ಅಧ್ಯಕ್ಷ ಒಬಾಮಾ ಕಟ್ಟುನಿಟ್ಟಿನ ನಿಯಮ ಬೇಕೆಂದರು. ರಿಪಬ್ಲಿಕನ್ ಸೆನೆಟರ್ ಟೆಡ್ ಕ್ರೂಜ್ ಅದನ್ನು ತಮ್ಮ ಪಕ್ಷ ವಿರೋಧಿಸುತ್ತಿದ್ದ ಒಬಾಮಾರ ಆರೋಗ್ಯ ವಿಮಾ ಯೋಜನೆಗೆ ಹೋಲಿಸಿ ಹೀಗಳೆದರು. ಅಲ್ಲಿಗೆ ತಾಂತ್ರಿಕ ಪ್ರಶ್ನೆಗೆ ಪಕ್ಷದ ಬಣ್ಣ ಬಳಿದಂತಾಯಿತು. 2015ರಲ್ಲಿ ಅಲ್ಲಿನ ಸಂವಹನ ಆಯೋಗ 3–2 ಮತಗಳಿಂದ ನಿಯಮ ತಂದಿತು. ಅಧ್ಯಕ್ಷರು ಬದಲಾದ ಮೇಲೆ, 2017ರಲ್ಲಿ, ಮತ್ತೆ 3–2 ಮತಗಳಿಂದಲೇ ಅದನ್ನು ಕಿತ್ತುಹಾಕಿತು. 2018ರಲ್ಲಿ ಮೂವರು ರಿಪಬ್ಲಿಕನ್ನರು ಪಕ್ಷದ ಗೆರೆ ದಾಟಿ ಬಂದದ್ದರಿಂದ ನಿಯಮ ಉಳಿಸುವ ನಿರ್ಣಯ ಸೆನೆಟ್‌ನಲ್ಲಿ 52–47ರಿಂದ ಗೆದ್ದಿತು. ಕೆಳಮನೆಯಲ್ಲಿ ಅದು ಮತಕ್ಕೇ ಬರಲಿಲ್ಲ. 2024ರಲ್ಲಿ ಆಯೋಗ ನಿಯಮವನ್ನು ಮರಳಿ ತಂದಿತು. 2025ರ ಜನವರಿಯಲ್ಲಿ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಶಾಸನಸಭೆ ಕೈಕಟ್ಟಿ ಕುಳಿತು ಆಯೋಗದ ಹೆಗಲಿಗೆ ಹೊರೆ ದಾಟಿಸಿದರೆ ಆಗುವುದು ಹೀಗೆಯೇ.

ನೆದರ್ಲೆಂಡ್ಸ್‌ನಲ್ಲಿ ಹಾಗಾಗಲಿಲ್ಲ. 2011ರಲ್ಲಿ ಕೆಪಿಎನ್ ಎಂಬ ಕಂಪನಿ ವಾಟ್ಸ್‌ಆ್ಯಪ್‌ನಂಥ ಸೇವೆಗಳಿಗೆ ಪ್ರತ್ಯೇಕ ಹಣ ವಸೂಲು ಮಾಡುವುದಾಗಿ ಹೇಳಿತು. ಎಸ್‌ಎಂಎಸ್ ಆದಾಯ ಕರಗುತ್ತಿತ್ತು, ಪಾಪ. ಜನ ಸಿಡಿದೆದ್ದರು, ಅಲ್ಲಿನ ಸಂಸತ್ತು ಮರುವರ್ಷವೇ ಕಾನೂನು ಮಾಡಿ ಮುಗಿಸಿತು.

ಇಷ್ಟರವರೆಗೆ ನಾವು ಮಾತನಾಡಿದ್ದು ಕಂಪನಿಗಳ ವಿಷಯ. ಕಂಪನಿಯ ವಿರುದ್ಧ ಗುಡುಗುವುದು ರಾಜಕಾರಣಿಗೆ ಅಷ್ಟೇನೂ ದುಬಾರಿಯಲ್ಲ. ತಡೆಯುವ ಕೈ ಸರ್ಕಾರದ್ದೇ ಆದಾಗ?

ಜಮ್ಮು ಮತ್ತು ಕಾಶ್ಮೀರದಲ್ಲಿ 2019ರ ಆಗಸ್ಟ್‌ನಲ್ಲಿ ಅಂತರ್ಜಾಲ ಸ್ಥಗಿತವಾಯಿತು. ಅನಿರ್ದಿಷ್ಟಾವಧಿಗೆ ಹೀಗೆ ನಿಲ್ಲಿಸುವಂತಿಲ್ಲ, ಆದೇಶಗಳನ್ನು ಪ್ರಕಟಿಸಬೇಕು ಎಂದು 2020ರ ಜನವರಿ 10ರಂದು ಸುಪ್ರೀಂ ಕೋರ್ಟ್ ಹೇಳಿತು. ಅದೇ ತಿಂಗಳು 2ಜಿ ಮರಳಿತು, ಆದರೆ ಒಂದು ಪಟ್ಟಿಯ ಜೊತೆಗೆ. ಸರ್ಕಾರ ಒಪ್ಪಿದ ಜಾಲತಾಣಗಳು ಮಾತ್ರ ಲಭ್ಯ, ಉಳಿದವು ಇಲ್ಲ. ಯಾವ ತಾಣ ತೆರೆಯಬೇಕೆಂದು ಬೇರೆ ಯಾರೋ ಆರಿಸಿ ಕೊಡುವುದು ಬೇಡವೆಂದೇ ಅಲ್ಲವೇ ಫ್ರೀ ಬೇಸಿಕ್ಸ್ ವಿರುದ್ಧ ಅಷ್ಟೊಂದು ಜನ ದನಿ ಎತ್ತಿದ್ದು? ಪಟ್ಟಿ ತೆಗೆದದ್ದು ಮಾರ್ಚ್‌ನಲ್ಲಿ. 4ಜಿ ಎಲ್ಲೆಡೆ ಮರಳಿದ್ದು 2021ರ ಫೆಬ್ರುವರಿಯಲ್ಲಿ.

ಇದರಿಂದ 2018ರ ತತ್ವಕ್ಕೆ ಭಂಗ ಬಂದಿತೇ ಎಂದು ನೀವು ಕೇಳಬಹುದು. ಕಾಗದದ ಮೇಲೆ ಬರಲಿಲ್ಲ. ಏಕೆಂದರೆ ಆ ತತ್ವಕ್ಕೆ ತಳಹದಿಯಾದ ಟ್ರಾಯ್ ಶಿಫಾರಸಿನಲ್ಲೇ ಒಂದು ವಿನಾಯಿತಿ ಇದೆ: ಕಾನೂನಿಗೆ ಅನುಗುಣವಾಗಿ ಸರ್ಕಾರ ಕೊಟ್ಟ ನಿರ್ದೇಶನವನ್ನು ಜಾರಿಗೊಳಿಸುವುದು ತಾರತಮ್ಯ ಎನಿಸುವುದಿಲ್ಲ. ಮುಂದಿನ ಬಾರಿ ಯಾವುದಾದರೂ ಪಕ್ಷದ ಪ್ರಣಾಳಿಕೆಯಲ್ಲಿ ಮುಕ್ತ ಅಂತರ್ಜಾಲದ ಭರವಸೆ ಕಂಡರೆ, ಈ ವಿನಾಯಿತಿಯ ಬಗ್ಗೆ ಅಲ್ಲಿ ಏನು ಬರೆದಿದೆ ಎಂದು ಹುಡುಕಿ ನೋಡಿ.

ನಮಸ್ಕಾರ.